ಎಂಟು ಗಂಟೆಯ ಹ್ಯಾಂಡೋವರ್

2023ರ ಏಪ್ರಿಲ್ 15, ಶನಿವಾರ ಬೆಳಿಗ್ಗೆ, ಸುಡಾನ್ ದೇಶದ ರಾಜಧಾನಿ ಖಾರ್ಟೂಮಿನಲ್ಲಿ ಸೇನೆಗೂ ಅರೆಸೇನಾ ಪಡೆಗೂ ನಡುವೆ ಕಾಳಗ ಆರಂಭವಾಯಿತು. ಬರ್ಮಿಂಗ್‌ಹ್ಯಾಮಿನ ಗಡಿಯಾರಗಳಲ್ಲಿ ಆಗ ಎಂಟರ ಆಸುಪಾಸು. ನಾನು ಕೆಲಸ ಮಾಡುವ ಆಸ್ಪತ್ರೆಯಲ್ಲಿ ಅದು ರಾತ್ರಿ ಪಾಳಿಯ ವೈದ್ಯರು ಹಗಲು ಪಾಳಿಯವರಿಗೆ ರೋಗಿಗಳನ್ನು ಒಪ್ಪಿಸುವ ಹೊತ್ತು. ಅಂದು ಒಪ್ಪಿಸಿದವರು ಡಾ. ಕುಕು, ಒಪ್ಪಿಸಿಕೊಂಡವರು ಡಾ. ಕಮಾಲ್. ಇಬ್ಬರೂ ಸುಡಾನಿನವರು, ಇಬ್ಬರೂ ಒಂದೇ ರಾಜ್ಯದವರು. ಶನಿವಾರ ನನಗೆ ರಜೆ. ಆದರೆ ಅಂದಿನ ರೋಟಾ, ಅಂದರೆ ಪಾಳಿಯ ಪಟ್ಟಿ, ನನ್ನ ಬಳಿ ಇದೆ, ಅದನ್ನು ನೋಡಿಯೇ ಇದನ್ನು ಬರೆಯುತ್ತಿದ್ದೇನೆ.

ಈ ಮಾರ್ಚಿನಲ್ಲಿ ಮಗಳು ಅದಿತಿಯ ಜೊತೆ ಡರ್ಬಿಗೆ ಹೋಗಿದ್ದೆ. ಅಲ್ಲಿನ ವಿಮಾನ ಎಂಜಿನ್ ಕಾರ್ಖಾನೆಯಲ್ಲಿ ಅವಳಿಗೆ ಅಪ್ರೆಂಟಿಸ್ ಹುದ್ದೆಯ ಸಂದರ್ಶನವಿತ್ತು. ಅವಳು ಒಳಗೆ ಹೋದ ಮೇಲೆ ಮಳೆ ಬಂತು. ನಾನು ಬೀದಿಯ ಒಂದು ಸಣ್ಣ ಅಂಗಡಿಯ ಸೂರಿನಡಿ ನಿಂತೆ. ಒಳಗೆ ಯಾರೋ ಕಾಫಿಗೆ ಶುಂಠಿ ಹಾಕಿ ಕುದಿಸುತ್ತಿದ್ದರು. ಆ ವಾಸನೆ ನನ್ನ ಹೆಂಡತಿಗಾದರೆ ನೆಗಡಿಯಾದವರ ಮನೆಯ ವಾಸನೆ. ನನಗೆ ಅದು 2023ರ ಜೂನ್‌ನಿಂದ ಅಕ್ಟೋಬರ್‌ವರೆಗಿನ ಐದು ತಿಂಗಳ ವಾಸನೆ. ಸುಡಾನಿನವರು ಕಾಫಿ ಕುಡಿಯುವುದು ಹಾಗೆಯೇ.

ನನ್ನ ಕೆಲಸ ರೋಟಾ ಕೋಆರ್ಡಿನೇಟರ್. ಯಾವ ವೈದ್ಯರು ಯಾವ ದಿನ ಯಾವ ಪಾಳಿ ಎಂಬ ಪಟ್ಟಿಯನ್ನು ಆರು ವಾರ ಮೊದಲೇ ಸಿದ್ಧಪಡಿಸಬೇಕು. ಅದಕ್ಕೆ ಮುಂಚೆ ಹದಿನಾರು ವರ್ಷ ಮಂಗಳೂರಿನ ಒಂದು ಪತ್ರಿಕೆಯಲ್ಲಿ ಉಪಸಂಪಾದಕನಾಗಿದ್ದೆ. ಹೆಂಡತಿ ಶೈಲಜಾ ಇಲ್ಲಿ ಜಿಪಿ, ಅಂದರೆ ಕುಟುಂಬ ವೈದ್ಯೆ, ಆದಳು, ನಾನು ಹಿಂದೆ ಬಂದೆ. ಎರಡು ಕೆಲಸಗಳಿಗೂ ಅಂಥ ವ್ಯತ್ಯಾಸವಿಲ್ಲ. ಖಾಲಿ ಜಾಗ ತುಂಬಬೇಕು, ಹೆಸರು ತಪ್ಪಬಾರದು, ಗಡುವು ಮೀರಬಾರದು.

ಕಮಾಲ್ ಮತ್ತು ಕುಕು ಮೊದಲು ಭೇಟಿಯಾದದ್ದು ಸುಡಾನಿನಲ್ಲಲ್ಲ, ಹಡರ್ಸ್‌ಫೀಲ್ಡಿನಲ್ಲಿ, ಈ ದೇಶದ ಮೊದಲ ಕೆಲಸದಲ್ಲಿ. ಅವರ ರಾಜ್ಯ ದಕ್ಷಿಣ ಕೊರ್ಡೊಫಾನ್. ದಕ್ಷಿಣ ಸುಡಾನ್ ಬೇರೆ ದೇಶವಾದಾಗ ಅದು ಗಡಿಯ ಮೇಲೆ ಉಳಿಯಿತು. ಕಮಾಲ್ ಅಲ್ಲಿನ ಪಟ್ಟಣದವರು. ಅವರ ಅಣ್ಣ ಸೇನೆಯಲ್ಲಿ ಎಂಜಿನಿಯರ್. ಕುಕು ಬೆಟ್ಟದವರು, ನೈರೋಬಿಯಲ್ಲಿ ಓದಿದವರು. ಬೆಟ್ಟಗಳು ಬಹಳ ವರ್ಷಗಳಿಂದ ಬೇರೊಂದು ಸಶಸ್ತ್ರ ಗುಂಪಿನ ಕೈಯಲ್ಲಿವೆ. ಕುಕು ಅವರ ಸೋದರಮಾವನ ಮಗ ಆ ಗುಂಪಿನಲ್ಲಿ ಅಧಿಕಾರಿ. ಊರಿನಲ್ಲಿದ್ದಿದ್ದರೆ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಲೇ ಇರಲಿಲ್ಲ. ಇಲ್ಲಿ ಹಾರ್ಬೋರ್ನ್ ಬಡಾವಣೆಯ ಒಂದು ಫ್ಲ್ಯಾಟಿನಲ್ಲಿ ಮೂರು ವರ್ಷ ಒಟ್ಟಿಗಿದ್ದರು. ಒಬ್ಬರಿಗೆ ಅಡುಗೆ ಬರುತ್ತಿರಲಿಲ್ಲ, ಇನ್ನೊಬ್ಬರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ.

ನಾವು ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲಿ. ನೆನಪಿದ್ದಷ್ಟನ್ನು ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ.

ಕುಕು ಒಮ್ಮೆ ನನ್ನ ಊರು ಎಲ್ಲಿ ಎಂದು ಕೇಳಿದ್ದರು. ಮಂಜೇಶ್ವರದ ಹತ್ತಿರ ಎಂದು ಹೇಳಿ ಹಳೇ ರೋಟಾದ ಹಿಂಬದಿಯಲ್ಲಿ ನಕ್ಷೆ ಬರೆದೆ. ಸರಕಾರ ಕೇರಳದ್ದು, ಶಾಲೆ ಕನ್ನಡದ್ದು, ಮನೆಮಾತು ತುಳು, ಆಸ್ಪತ್ರೆಗೆ ಹೋಗುವುದು ಮಂಗಳೂರಿಗೆ.

"ಹಾಗಾದರೆ ನೀವು ಯಾರ ಕಡೆ?"

"ಯಾರ ಬಸ್ಸು ಮೊದಲು ಬರುತ್ತದೋ ಅವರ ಕಡೆ."

ಅವರು ಜೋರಾಗಿ ನಕ್ಕು ಆ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡರು. "ಕಮಾಲ್‌ಗೆ ತೋರಿಸ್ತೇನೆ. ಜಗತ್ತಿನಲ್ಲಿ ಇನ್ನೊಂದು ಕೊರ್ಡೊಫಾನ್ ಇದೆ, ಅಲ್ಲಿ ಬಸ್ಸೂ ಇದೆ ಅಂತ."

ಏಪ್ರಿಲ್‌ನಲ್ಲಿ ಯುದ್ಧ ರಾಜಧಾನಿಯಲ್ಲಿತ್ತು. ಇಬ್ಬರೂ ಒಂದೇ ಸೋಫಾದಲ್ಲಿ ಕುಳಿತು ಸುದ್ದಿ ನೋಡಿದರು. ಜೂನ್‌ನಲ್ಲಿ ಅದು ಅವರ ರಾಜ್ಯಕ್ಕೆ ಬಂತು. ಪಟ್ಟಣ ಸೇನೆಯ ಕೈಯಲ್ಲಿ, ಉತ್ತರಕ್ಕೆ ಹೋಗುವ ರಸ್ತೆ ಅರೆಸೇನೆಯ ಕೈಯಲ್ಲಿ, ಬೆಟ್ಟ ಮೂರನೆಯವರ ಕೈಯಲ್ಲಿ. ಬೆಟ್ಟದವರು ಪಟ್ಟಣದ ಸುತ್ತಲಿನ ಸೇನಾ ಠಾಣೆಗಳ ಮೇಲೆ ದಾಳಿ ಮಾಡಿದರು. ಅಂಥ ಒಂದು ಠಾಣೆಯಲ್ಲಿ ಕಮಾಲ್‌ರ ಅಣ್ಣನ ಕಾಲಿಗೆ ಗುಂಡು ತಗುಲಿತು. ಆ ವಾರ ಫ್ಲ್ಯಾಟಿನಲ್ಲಿ ಏನು ಮಾತಾಯಿತೋ ನನಗೆ ಗೊತ್ತಿಲ್ಲ. ಸೋಮವಾರ ಕುಕು ಎರಡು ಸೂಟ್‌ಕೇಸಿನೊಂದಿಗೆ ಬೇರೆ ಕೋಣೆ ಹಿಡಿದರು. ಮಂಗಳವಾರ ಕಮಾಲ್ ನನ್ನ ಆಫೀಸಿಗೆ ಬಂದು ಬಾಗಿಲು ಹಾಕಿದರು.

"ರೈ, ಅವನಿಂದ ನಾನು ಹ್ಯಾಂಡೋವರ್ ತಗೊಳ್ಳೋದಿಲ್ಲ. ಅವನಿಗೆ ಕೊಡೋದೂ ಇಲ್ಲ. ನೀವು ಏನಾದರೂ ಮಾಡಿ."

ಶುಕ್ರವಾರ ಕುಕು ಬಂದು ಅದನ್ನೇ ಹೇಳಿದರು, ಇನ್ನೂ ಕಡಿಮೆ ಮಾತಿನಲ್ಲಿ.

ಹ್ಯಾಂಡೋವರ್ ಎಂಬುದು ಹತ್ತು ಹದಿನೈದು ನಿಮಿಷದ ಮಾತು. ಯಾವ ಬೆಡ್ಡಿನವರಿಗೆ ಏನಾಗಿದೆ, ಏನು ಕೊಟ್ಟಿದೆ, ಯಾವುದರ ಮೇಲೆ ಕಣ್ಣಿಡಬೇಕು. ಅಲ್ಲಿ ಮುನಿಸಿದ್ದರೆ ಅದರ ಫಲ ಉಣ್ಣುವವರು ರೋಗಿಗಳು. ಹಾಗಾಗಿ ಜುಲೈಯಿಂದ ಅವರಿಬ್ಬರ ಪಾಳಿಗಳ ನಡುವೆ ಮೂರನೆಯವರನ್ನು ನಿಲ್ಲಿಸಿದೆ. ಆ ಮೂರನೆಯವರು ಮೈಸೂರಿನ ಡಾ. ಹರ್ಷ. ಎರಡು ವಾರದಲ್ಲಿ ಅವರಿಗೆ ವಿಷಯ ಗೊತ್ತಾಯಿತು.

"ಏನ್ ರೈ ಅವ್ರೇ, ನನ್ನನ್ನ ಬಫರ್ ಸ್ಟೇಟ್ ಮಾಡ್ಬಿಟ್ರಲ್ಲ! ಒಂದ್ ಕಡೆಯಿಂದ ತಗೊಂಡು ಇನ್ನೊಂದ್ ಕಡೆ ಕೊಡೋದೇ ಆಯ್ತು. ವಿಶ್ವಸಂಸ್ಥೆಯೋರು ಒಂದ್ ನೀಲಿ ಟೋಪಿನಾದ್ರೂ ಕೊಡ್ತಾರೆ ಕಣ್ರೀ."

"ದಸರಾ ರಜೆ ಬೇಕು ಅಂದಿದ್ರಲ್ಲ, ಕೊಡ್ತೇನೆ."

"ಹಂಗ್ ಬನ್ನಿ ದಾರಿಗೆ."

ಇಬ್ಬರೂ ಮಾತು ಬಿಟ್ಟದ್ದು ಪರಸ್ಪರ ಮಾತ್ರ. ನನ್ನ ಬಳಿ ಬರುವುದನ್ನು ಬಿಡಲಿಲ್ಲ. ಕಮಾಲ್ ಮಂಗಳವಾರ ಬರುತ್ತಿದ್ದರು, ಆ ದಿನ ಅವರಿಗೆ ಮಧ್ಯಾಹ್ನ ಬಿಡುವು. ಕುಕು ಬರುವುದು ಶುಕ್ರವಾರ. ಅವರ ತಂಗಿಯ ಹಳ್ಳಿಗೆ ಗುರುವಾರ ಸಂತೆ, ಸಂತೆಯಲ್ಲಿ ಉಪಗ್ರಹದ ಇಂಟರ್ನೆಟ್ಟನ್ನು ಗಂಟೆ ಲೆಕ್ಕದಲ್ಲಿ ಮಾರುವ ಒಬ್ಬನಿದ್ದ, ಹಾಗಾಗಿ ತಂಗಿಯ ಧ್ವನಿ ಸಂದೇಶ ಬರುವುದು ಗುರುವಾರವೇ. ನನ್ನ ಕೋಣೆಯಲ್ಲಿ ಒಂದು ಕೆಟಲ್ ಇತ್ತು. ಕಾಫಿಗೆ ಶುಂಠಿ ಜಜ್ಜಿ ಹಾಕಲು ಕಲಿಸಿದವರು ಕುಕು, ಶುಂಠಿ ಸಾಲದು ಎಂದು ದೂರುತ್ತಿದ್ದವರು ಕಮಾಲ್. ಇಬ್ಬರೂ ಹೇಳಿದ್ದನ್ನು ಬರೆದಿಟ್ಟುಕೊಂಡೆ. ಬರೆಯಬೇಕೆಂದು ಅವರು ಕೇಳಲಿಲ್ಲ, ಅದು ನನ್ನ ಹಳೇ ಚಾಳಿ. ಮಂಗಳವಾರಕ್ಕೆ ಒಂದು ನೋಟ್‌ಬುಕ್, ಶುಕ್ರವಾರಕ್ಕೆ ಇನ್ನೊಂದು. ಒಂದು ಎಡಗಡೆಯ ಡ್ರಾಯರಿನಲ್ಲಿ, ಇನ್ನೊಂದು ಬಲಗಡೆಯದರಲ್ಲಿ. ಒಂದು ತೆರೆದಿರುವಾಗ ಇನ್ನೊಂದನ್ನು ತೆರೆಯುತ್ತಿರಲಿಲ್ಲ.

ಇದಕ್ಕೊಂದು ಕಾರಣವಿದೆ. ಪತ್ರಿಕೆಯಲ್ಲಿ ನಾನು ಗಡಿನಾಡಿನ ಪುಟ ನೋಡಿಕೊಳ್ಳುತ್ತಿದ್ದೆ. ಒಂದು ಸಂಜೆ, ಬಸ್ ಡ್ರೈವರ್ ಒಬ್ಬ ಕನ್ನಡ ಶಾಲೆಯ ಮಕ್ಕಳನ್ನು ಕಂಡೂ ನಿಲ್ಲಿಸದೆ ಹೋದ ಎಂದು ಒಬ್ಬರು ಫೋನ್ ಮಾಡಿದರು. ಗಡುವಿಗೆ ಇಪ್ಪತ್ತು ನಿಮಿಷವಿತ್ತು. ಇನ್ನೊಬ್ಬರನ್ನು ಕೇಳದೆ ಹಾಕಿದೆ. ಬಸ್ಸಿನ ಬ್ರೇಕ್ ಕೆಟ್ಟಿತ್ತು ಎಂಬುದು ಮರುದಿನ ತಿಳಿಯಿತು. ಅಷ್ಟರಲ್ಲಿ ಆ ಡ್ರೈವರನ ಮನೆಯ ಕಿಟಕಿಗಳಿಗೆ ಕಲ್ಲು ಬಿದ್ದಿತ್ತು. ಆತ ಆ ದಾರಿಯ ಬಸ್ಸು ಓಡಿಸುವುದನ್ನೇ ಬಿಟ್ಟ. ನಾವು ನಾಲ್ಕು ಸಾಲಿನ ತಿದ್ದುಪಡಿ ಹಾಕಿದೆವು. ಎರಡನೇ ಮೂಲವಿಲ್ಲದೆ ಏನನ್ನೂ ಹೊರಗೆ ಬಿಡಬಾರದು, ಒಂದು ಕಡೆಯವರು ನಂಬಿ ಹೇಳಿದ್ದನ್ನು ಇನ್ನೊಂದು ಕಡೆಗೆ ದಾಟಿಸಬಾರದು ಎಂದು ಅಂದಿನಿಂದ ನಿಯಮ ಮಾಡಿಕೊಂಡೆ. ಹೆಂಡತಿಗೆ ಹೇಳಿದರೆ ಅದು ಪ್ರಕಟಣೆಯಲ್ಲ ಎಂಬ ಉಪನಿಯಮವನ್ನೂ ನಾನೇ ಮಾಡಿಕೊಂಡಿದ್ದೆ.

ಅದಿತಿಗೆ ಆಗ ಹದಿನೈದು. ಊಟದ ಮೇಜಿನಲ್ಲಿ ಇದನ್ನೆಲ್ಲ ಕೇಳಿ, "ಅಪ್ಪ, ಯು ಆರ್ ಲೈಕ್ ಸ್ವಿಟ್ಜರ್ಲೆಂಡ್ ವಿತ್ ಎ ಕೆಟಲ್," ಎಂದಳು.

ಆ ವರ್ಷ ಜುಲೈ ಪೂರ್ತಿ ಮಳೆ ಸುರಿಯಿತು. ನನ್ನ ಕಿಟಕಿಯಾಚೆ ಕಾರ್ ಪಾರ್ಕ್ ಹೊಳೆಯುತ್ತಿತ್ತು. ಅವರ ರಾಜ್ಯದಲ್ಲೂ ಅದು ಮಳೆಯ ಕಾಲ. ಅಲ್ಲಿ ಮಳೆ ಬಂದರೆ ಮಣ್ಣಿನ ರಸ್ತೆಗಳು ಹೂತುಹೋಗುತ್ತವೆ, ಲಾರಿಗಳು ನಿಲ್ಲುತ್ತವೆ, ಕಾಲ್ನಡಿಗೆಯ ದಾರಿ ಮಾತ್ರ ಉಳಿಯುತ್ತದೆ ಎಂದು ಇಬ್ಬರೂ ಬೇರೆ ಬೇರೆ ದಿನ ಒಂದೇ ಮಾತಿನಲ್ಲಿ ಹೇಳಿದರು.

ಸೆಪ್ಟೆಂಬರ್ ಮೊದಲ ಮಂಗಳವಾರ ಕಮಾಲ್ ಬಂದಾಗ ಕಾಫಿ ಬೇಡ ಎಂದರು. ತಾಯಿ ಕಾಣೆಯಾಗಿದ್ದರು.

ಅವರ ತಾಯಿ ಹಜ್ಜಾ ಜೈನಬ್, ಎಪ್ಪತ್ತೊಂದು ವರ್ಷ, ನಿವೃತ್ತ ಸೂಲಗಿತ್ತಿ. ಮೇ ತಿಂಗಳಲ್ಲಿ ಅವರನ್ನು ಕಾಳಗವಿಲ್ಲದ ಪೋರ್ಟ್ ಸುಡಾನಿಗೆ ಕಳಿಸಲು ಅಣ್ಣ ಏರ್ಪಾಟು ಮಾಡಿದ್ದ. ಆಕೆ ಒಪ್ಪಲಿಲ್ಲ, ಬೀದಿಯಲ್ಲಿ ಮೂವರು ಬಸುರಿಯರಿದ್ದಾರೆ ಎಂದರು. ಆಗಸ್ಟ್ ಕೊನೆಯಲ್ಲಿ ಆ ಬೀದಿಗೆ ಶೆಲ್ ಬಿತ್ತು. ನೆರೆಯವರ ಜೊತೆ ಆಕೆ ನಡೆದು ಹೊರಟದ್ದನ್ನು ಕಂಡವರಿದ್ದರು. ಯಾವ ದಿಕ್ಕಿಗೆ ಎಂದು ಹೇಳುವವರಿರಲಿಲ್ಲ.

"ಎಡಗಣ್ಣು ಕಾಣೋದಿಲ್ಲ ಅವಳಿಗೆ. ಪೊರೆ. ಬಾ, ತೆಗೆಸ್ತೇನೆ ಅಂತ ಎರಡು ವರ್ಷದಿಂದ ಹೇಳ್ತಾ ಇದ್ದೆ."

ಮುಂದಿನ ಮಂಗಳವಾರವೂ ಸುದ್ದಿ ಇರಲಿಲ್ಲ. ಸುದ್ದಿ ಇಲ್ಲದವರು ನೆನಪುಗಳನ್ನು ಹೇಳುತ್ತಾರೆ. ತಾಯಿ ಹೆರಿಗೆ ಸಾಮಾನಿನ ತಗಡಿನ ಪೆಟ್ಟಿಗೆ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ ಎಂದರು ಕಮಾಲ್. ಅದರ ಬೀಗ ಎಂದೋ ಮುರಿದಿದೆ, ತಾವು ಶಾಲೆಗೆ ಹಾಕುತ್ತಿದ್ದ ಅಂಗಿಯ ಬಟ್ಟೆ ಹರಿದು ಕಟ್ಟಿಕೊಂಡಿದ್ದಾಳೆ ಎಂದರು. ಆಕೆಗೆ ಕೆಲಸ ಕಲಿಸಿದ ಹಳೇ ಸೂಲಗಿತ್ತಿಗೆ ಓದು ಬರುತ್ತಿರಲಿಲ್ಲವಂತೆ. ಆ ಗುರು ಔಷಧಿಯ ಬಾಟಲಿಗಳನ್ನು ವಾಸನೆಯಿಂದ ಗುರುತಿಸುತ್ತಿದ್ದಳು.

"ನನ್ನ ತಾಯಿಗೆ ಓದು ಬರುತ್ತೆ. ಆದರೂ ಮೂಸದೆ ಒಂದು ಬಾಟಲಿಯನ್ನೂ ತೆರೆಯೋದಿಲ್ಲ. ಅಡುಗೆಮನೆಯ ವಿನೆಗರ್ ಕೂಡ. ಗುರುವಿಗೆ ಮರ್ಯಾದೆ ಅಂತಾಳೆ."

ಇದನ್ನು ಎಡಗಡೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಅದೇ ತಿಂಗಳ ಕೊನೆಯ ಶುಕ್ರವಾರ ಕುಕು ನಗುತ್ತ ಬಂದರು. ತಂಗಿಗೆ ಹೆಣ್ಣುಮಗು. ಹೆರಿಗೆ ಕಷ್ಟವಾಗಿತ್ತು, ಮಗು ತಿರುಗಿತ್ತು, ಹತ್ತಿರದ ಆಸ್ಪತ್ರೆ ಎರಡು ದಿನದ ದಾರಿ. ಪಟ್ಟಣದಿಂದ ಓಡಿಬಂದವರ ಗುಂಪಿನಲ್ಲಿ ಒಬ್ಬ ಮುದುಕಿ ಇದ್ದಳು, ಅವಳೇ ತಾಯಿ ಮಗು ಇಬ್ಬರನ್ನೂ ಉಳಿಸಿದಳು.

"ಹೆಸರೇನು ಆಕೆಯದು?"

"ಹೇಳೋದಿಲ್ಲ. ಪಟ್ಟಣದವರು ಹೆಸರು ಹೇಳೋದಿಲ್ಲ ರೈ. ಮಗ ಸೇನೆಯಲ್ಲಿರ್ತಾನೆ, ಅಳಿಯ ಪೊಲೀಸ್ ಇರ್ತಾನೆ. ನಾವೂ ಕೇಳೋದಿಲ್ಲ. ಕೇಳಿದರೆ ನನ್ನ ಮಾವನ ಮಗನಿಗೆ ಹೇಳಬೇಕಾಗುತ್ತೆ." ಆಮೇಲೆ ನೆನಪಾಗಿ ನಕ್ಕರು. "ವಿಚಿತ್ರ ಹೆಂಗಸು. ಮನೆಯಲ್ಲಿರೋ ಬಾಟಲಿಗಳನ್ನೆಲ್ಲ ಮೂಸ್ತಾಳಂತೆ. ಮಕ್ಕಳು ಅವಳನ್ನೇ ಆಡಿಕೊಳ್ತಾರೆ."

ಇದನ್ನು ಬಲಗಡೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಈಗ ಓದುವವರಿಗೆ ಇದು ಕಣ್ಣಿಗೆ ಹೊಡೆಯುತ್ತದೆ. ನನಗೂ ಆ ಸಂಜೆ ಬಸ್ಸಿನಲ್ಲಿ ಹೊಡೆಯಿತು. ಅಲ್ಲಿಗೇ ನಿಲ್ಲಿಸಿದೆ. ಬಾಟಲಿ ಮೂಸುವ ಸೂಲಗಿತ್ತಿ ಆ ರಾಜ್ಯದಲ್ಲಿ ಒಬ್ಬಳೇ ಎಂದು ಹೇಳಿದವರಾರು? ತಪ್ಪಾದರೆ ಕಮಾಲ್ ಎರಡನೇ ಸಲ ತಾಯಿಯನ್ನು ಕಳೆದುಕೊಳ್ಳುತ್ತಾರೆ. ಸರಿಯಾದರೆ ಇನ್ನೂ ಕಷ್ಟ. ಸೇನಾಧಿಕಾರಿಯ ತಾಯಿ ಬೆಟ್ಟದವರ ಮನೆಯಲ್ಲಿದ್ದಾಳೆ ಎಂಬ ಮಾತು ಯಾರ ಕಿವಿಗೆ ಬಿದ್ದರೆ ಏನಾದೀತು ಎಂಬುದು ನನ್ನ ಅಂದಾಜಿಗೆ ಮೀರಿದ್ದು. ಮೊದಲು ಎರಡನೇ ಮೂಲ ಸಿಗಲಿ ಎಂದುಕೊಂಡೆ. ಮರು ಮಂಗಳವಾರ ಕಮಾಲ್ ಬಂದು ಹೋದರು. ನಾನು ಹೇಳಲಿಲ್ಲ. ಅವರು ಒಂದು ಕಾಲಿನ ಬೂಟಿನ ದಾರ ಕಟ್ಟುವುದನ್ನು ಮರೆತು ಬಂದಿದ್ದರು ಎಂದು ನೋಟ್‌ಬುಕ್ಕಿನಲ್ಲಿದೆ.

ಕುಕು ಹೇಳಿದ ಒಂಬತ್ತನೇ ದಿನ, ಭಾನುವಾರ, ಶೈಲಜಾ ರೊಟ್ಟಿ ಬಡಿಯುತ್ತಿದ್ದಳು. ಜೋಳದ ಹಿಟ್ಟು ಲೆಸ್ಟರಿನಿಂದ ತರಿಸಿದ್ದು. ಹೆರಿಗೆಯ ಕತೆಯನ್ನು ಅವಳಿಗೆ ಹೇಳಿದ್ದು ಅಂದೇ ಮೊದಲು. ಕಮಾಲ್‌ರ ತಾಯಿಯ ವಿಷಯ ಅವಳಿಗೆ ಮೊದಲೇ ಗೊತ್ತಿತ್ತು. ಅವಳ ಕೈ ನಿಂತಿತು.

"ಅಲ್ರೀ, ಆ ಮುದುಕಿನೂ ಈ ಮುದುಕಿನೂ ಒಬ್ಬಾಕೇನ ಅಲ್ಲೇನು?"

"ಇರಬಹುದು. ಎರಡನೇ ಮೂಲ ಬೇಕು ಮಾರಾಯ್ತಿ. ಹಾಗೆಲ್ಲ ಹೇಳ್ಲಿಕ್ಕೆ ಆಗುದಿಲ್ಲ."

"ಇನ್ನ ಎಷ್ಟ್ ಮೂಲ ಬೇಕ್ರೀ ನಿಮ್ಗ?" ಲಟ್ಟಣಿಗೆ ಇಲ್ಲದಿದ್ದುದು ನನ್ನ ಅದೃಷ್ಟ, ಹಿಟ್ಟಿನ ಕೈ ಮಾತ್ರ ನನ್ನ ಕಡೆ ತಿರುಗಿತು. "ಒಬ್ಬಾವ ಮಂಗಳವಾರ ಹೇಳ್ಯಾನ, ಒಬ್ಬಾವ ಶುಕ್ರವಾರ ಹೇಳ್ಯಾನ. ಇಬ್ರೂ ಮಾತಾಡಂಗಿಲ್ಲ, ಮಾರಿ ನೋಡಂಗಿಲ್ಲ. ಒಬ್ರದ ಕೇಳಿ ಒಬ್ರು ಹೇಳಿಲ್ಲ. ಇದಕ್ಕಿಂತ ಚಲೋ ಎರಡ ಮೂಲ ನಿಮ್ಮ ಪೇಪರಿನ್ಯಾಗ ಎಂದರ ಸಿಕ್ಕಿದ್ವೇನು?"

ಹದಿನಾರು ವರ್ಷದಲ್ಲಿ ಸಿಕ್ಕಿರಲಿಲ್ಲ.

"ಆದರೆ ಇಬ್ಬರೂ ನಂಬಿ ಹೇಳಿದ್ದು ಅದು. ಒಬ್ಬರದ್ದನ್ನು ಇನ್ನೊಬ್ಬರಿಗೆ ನಾನು ಹೇಳುವ ಹಾಗಿಲ್ಲ."

"ನೀವ್ ಹೇಳಬ್ಯಾಡ್ರಿ. ಇಬ್ರನ್ನೂ ಒಂದ ಖೋಲ್ಯಾಗ ಕೂಡಸ್ರಿ. ರೋಟಾ ಯಾರ ಕೈಯಾಗೈತಿ?"

ರೊಟ್ಟಿ ಒಂದು ಹೊತ್ತಿತು. ಅದನ್ನು ನನಗೇ ಬಡಿಸಿದಳು.

ಹರ್ಷ ಆ ವಾರವೇ ದಸರಾಕ್ಕೆ ಮೈಸೂರಿಗೆ ಹೊರಡುವವರಿದ್ದರು. ಅವರ ಜಾಗಕ್ಕೆ ಹೊರಗಿನಿಂದ ಒಬ್ಬ ಬದಲಿ ವೈದ್ಯರನ್ನು ಗೊತ್ತುಮಾಡಿದ್ದೆ. ಸೋಮವಾರ ಅದನ್ನು ರದ್ದು ಮಾಡಿದೆ. ಮುಂದಿನ ವಾರದ ಮಂಗಳವಾರ ಬೆಳಿಗ್ಗೆ ಎಂಟಕ್ಕೆ ರಾತ್ರಿ ಪಾಳಿ ಮುಗಿಸುವವರು ಕುಕು, ಹಗಲು ಪಾಳಿ ಹಿಡಿಯುವವರು ಕಮಾಲ್ ಎಂದು ಬರೆದು ಪಟ್ಟಿ ಹೊರಗೆ ಬಿಟ್ಟೆ. ಹತ್ತು ನಿಮಿಷದಲ್ಲಿ ಎರಡು ಫೋನ್ ಬಂತು.

"ರೈ, ಪಟ್ಟಿಯಲ್ಲಿ ತಪ್ಪಿದೆ," ಎಂದರು ಕಮಾಲ್.

"ತಪ್ಪಿಲ್ಲ. ಹರ್ಷ ರಜೆ. ಬೇರೆ ಯಾರೂ ಇಲ್ಲ."

ಕುಕು ಅವರಿಗೂ ಅದನ್ನೇ ಹೇಳಿದೆ. ಬದಲಿ ವೈದ್ಯರನ್ನು ನಾನೇ ರದ್ದು ಮಾಡಿದ್ದೇನೆ ಎಂದು ಹೇಳಲಿಲ್ಲ. ಆ ಐದು ತಿಂಗಳಲ್ಲಿ ನಾನು ಮರೆಮಾಚಿ ಆಡಿದ ಮಾತು ಅದೊಂದೇ ಎಂದು ಆಗ ಅಂದುಕೊಂಡಿದ್ದೆ. ಎರಡು ನೋಟ್‌ಬುಕ್ಕುಗಳನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮಂಗಳವಾರ ಏಳೂ ಮುಕ್ಕಾಲಿಗೆ ಒಂದು ಫ್ಲಾಸ್ಕ್ ಹಿಡಿದು ವಾರ್ಡಿನ ಪಕ್ಕದ ಸಣ್ಣ ಕೋಣೆಗೆ ಹೋದೆ. ರಜೆಯ ಅರ್ಜಿಗಳಿಗೆ ಸಹಿ ಬೇಕೆಂಬ ನೆವ. ಇಬ್ಬರೂ ನಿಂತೇ ಇದ್ದರು. ಕುಕು ಪಟ್ಟಿ ನೋಡಿ ಓದುವವರಂತೆ ಒಪ್ಪಿಸಿದರು. ಬೆಡ್ ಏಳು, ಎಂಬತ್ತೆರಡರ ಹೆಂಗಸು, ನ್ಯುಮೋನಿಯಾ, ರಾತ್ರಿ ಆಂಟಿಬಯಾಟಿಕ್ ಬದಲಾಯಿಸಿದೆ. ಬೆಡ್ ಒಂಬತ್ತು, ಬಿದ್ದು ಬಂದವರು, ಸ್ಕ್ಯಾನ್ ಬಾಕಿ. ಕಮಾಲ್ ಬರೆದುಕೊಂಡರು. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಹದಿನಾಲ್ಕು ರೋಗಿಗಳು ಮುಗಿದರು. ಕುಕು ಜಾಕೆಟ್ ತೆಗೆದುಕೊಂಡರು.

"ಕುಕು, ತಂಗಿಯ ಮಗು ಹೇಗಿದೆ?" ಎಂದೆ.

ಅವರು ನನ್ನನ್ನು ದಿಟ್ಟಿಸಿದರು. ಆ ಪ್ರಶ್ನೆ ಶುಕ್ರವಾರದ್ದು, ಮಂಗಳವಾರದ್ದಲ್ಲ. "ಚೆನ್ನಾಗಿದೆ."

"ಆ ಅಜ್ಜಿ ಇನ್ನೂ ಅಲ್ಲೇ ಇದ್ದಾರಾ?"

"ಇನ್ನೆಲ್ಲಿಗೆ ಹೋಗ್ತಾಳೆ?" ಜಾಕೆಟ್ಟಿನ ಜಿಪ್ ಸಿಕ್ಕಿಹಾಕಿಕೊಂಡಿತ್ತು, ಅದನ್ನು ಎಳೆಯುತ್ತ ಹೇಳಿದರು. "ಮೊನ್ನೆ ತಂಗಿ ತಲೆಗೆ ಹಚ್ಚೋ ಎಣ್ಣೆ ಮೂಸಿ, ಹಳತು ಅಂತ ಚೆಲ್ಲಿಬಿಟ್ಟಳಂತೆ. ಆ ಮನೆಯಲ್ಲಿ ಅವಳು ಮೂಸದೆ ಬಿಟ್ಟದ್ದು ಮೇಕೆ ಒಂದನ್ನೇ."

ಕಮಾಲ್‌ರ ಪೆನ್ನು ನಿಂತಿತು.

"ಯಾವ ಅಜ್ಜಿ?"

ಜೂನ್‌ನಿಂದ ಈಚೆಗೆ ಅವರು ಕುಕು ಅವರಿಗೆ ಆಡಿದ ಮೊದಲ ಮಾತು ಅದು. ಕುಕು ಗೋಡೆಯ ಕಡೆ ನೋಡಿ ಉತ್ತರಿಸಿದರು.

"ಒಬ್ಬ ಸೂಲಗಿತ್ತಿ. ಪಟ್ಟಣದಿಂದ ಬಂದವಳು."

"ಪೆಟ್ಟಿಗೆ ಇದೆಯಾ?"

"ಇದೆ. ತಗಡಿನದು."

"ಬೀಗ?"

"ಬೀಗ ಇಲ್ಲ. ಬಟ್ಟೆ ಕಟ್ಟಿದ್ದಾಳಂತೆ. ತಂಗಿ ಹೊಸ ಬಟ್ಟೆ ಕೊಡ್ತೇನೆ ಅಂದರೂ ಬಿಚ್ಚಲಿಲ್ಲ." ಕುಕು ಈಗ ತಿರುಗಿದರು. "ಯಾಕೆ?"

"ಎಡಗಣ್ಣು?"

"ಕಾಣೋದಿಲ್ಲ."

ಕಮಾಲ್ ಹಿಂದೆ ಇದ್ದ ಹಾಸಿಗೆ ಬಟ್ಟೆಯ ಟ್ರಾಲಿಯ ಮೇಲೆ ಕುಳಿತರು. ಟ್ರಾಲಿಗೆ ಗಾಲಿಗಳಿದ್ದವು, ಜಾರತೊಡಗಿತು. ಕುಕು ಕಾಲು ಚಾಚಿ ಅದನ್ನು ತಡೆದರು. ಕಾಲನ್ನು ಹಾಗೆಯೇ ಇಟ್ಟುಕೊಂಡರು.

"ನಿನ್ನ ತಾಯಿ ಪೋರ್ಟ್ ಸುಡಾನಿನಲ್ಲಿದ್ದಾರಲ್ಲ?"

"ಹೋಗಲಿಲ್ಲ."

"ನೀನು ಹೇಳಲಿಲ್ಲ."

"ನೀನು ಕೇಳಲಿಲ್ಲ."

ವಾರ್ಡಿನಲ್ಲಿ ತಿಂಡಿಯ ಗಾಡಿ ಬಂದ ಸದ್ದಾಯಿತು. ಯಾರೋ ಟೋಸ್ಟ್ ತಣ್ಣಗಿದೆ ಎಂದು ದೂರುತ್ತಿದ್ದರು. ಮೊದಲು ಮಾತಾಡಿದವರು ಕುಕು.

"ನಿನ್ನ ಅಣ್ಣನಿಗೆ ಎಲ್ಲಿ ಅಂತ ಹೇಳಬೇಡ. ಹೇಳಿದರೆ ಕರೆತರೋಕೆ ಯಾರನ್ನಾದರೂ ಕಳಿಸ್ತಾನೆ. ಬರೋರು ಬಂದೂಕು ತರ್ತಾರೆ. ನನ್ನ ತಂಗಿಯ ಮನೆ ಉಳಿಯೋದಿಲ್ಲ."

"ನಿನ್ನ ಮಾವನ ಮಗನಿಗೆ ಅವಳು ಯಾರ ತಾಯಿ ಅಂತ ಹೇಳಬೇಡ."

ಆ ಮಾವನ ಮಗನೇ ತಮ್ಮ ಓದಿಗೆ ನೆರವಾದವನು ಎಂದು ಕುಕು ನನಗೆ ಹೇಳಿದ್ದರು. ಕಮಾಲ್‌ಗೂ ಅದು ಗೊತ್ತಿತ್ತು.

"ಹೇಳೋದಿಲ್ಲ," ಎಂದರು ಕುಕು.

"ನಾನೂ ಹೇಳೋದಿಲ್ಲ. ಬದುಕಿದ್ದಾಳೆ ಅಂತಷ್ಟೇ ಹೇಳ್ತೇನೆ."

ಅಜ್ಜಿಗೆ ಮಗನ ವಿಷಯ ಹೇಳಿ ಅವಳ ಮಾತನ್ನೇ ಕಳಿಸು ಎಂದು ಕುಕು ತಂಗಿಗೆ ಸಂದೇಶ ಬಿಟ್ಟರು. ಗುರುವಾರದ ಸಂತೆಗೆ ಎರಡು ದಿನ ಬಾಕಿಯಿತ್ತು. ಅದುವರೆಗೂ ಇದು ಇಬ್ಬರ ಮಾತು ಮಾತ್ರ. ಆಕೆಯ ಧ್ವನಿ ಕೇಳಿರಲಿಲ್ಲ. ಬುಧವಾರ ಕಮಾಲ್ ಎಂದಿನಂತೆ ಕೆಲಸ ಮಾಡಿದರು. ಗುರುವಾರ ಫೋನನ್ನು ಮೂರು ಸಲ ಚಾರ್ಜಿಗೆ ಹಾಕಿದರು ಎಂದು ನರ್ಸ್ ಒಬ್ಬರು ಹೇಳಿದರು.

ಶುಕ್ರವಾರ ಮಧ್ಯಾಹ್ನ ಕುಕು ನನ್ನ ಕೋಣೆಗೆ ಬಂದರು. ಹಿಂದೆಯೇ ಕಮಾಲ್. ಆ ಕೋಣೆಯಲ್ಲಿ ಎರಡೇ ಕುರ್ಚಿ. ನಾನು ಕಿಟಕಿಯ ಬಳಿ ನಿಂತೆ. ಕುಕು ಫೋನನ್ನು ಮೇಜಿನ ನಡುವೆ ಇಟ್ಟು ಒತ್ತಿದರು. ಮೊದಲು ಗಾಳಿಯ ಸದ್ದು, ಒಂದು ಮೇಕೆ, ಆಮೇಲೆ ಮುದಿ ಹೆಂಗಸಿನ ಗಟ್ಟಿ ಧ್ವನಿ. ಅದು ನಿಲ್ಲದೆ ಬೈಯುತ್ತಿತ್ತು. ಬೈಗುಳಕ್ಕೆ ಅನುವಾದ ಬೇಕಿರಲಿಲ್ಲ. ಕಮಾಲ್ ಮುಖ ಒರೆಸಿಕೊಳ್ಳುತ್ತ ನಕ್ಕರು. ಕುಕು ಕೂಡ ನಕ್ಕರು.

"ಏನಂತೆ?" ಎಂದೆ.

"ಈ ಮನೆಯ ಹುಡುಗಿಯರು ಉಗುರು ಕತ್ತರಿಸೋದಿಲ್ಲವಂತೆ," ಎಂದರು ಕಮಾಲ್. "ಅಂಥ ಕೈಯಲ್ಲಿ ಕೂಸು ಮುಟ್ತಾರಂತೆ. ನಾನು ಹುಡುಕ್ತಾ ಕೂರಬಾರದಂತೆ, ಕೆಲಸ ನೋಡಬೇಕಂತೆ. ಕುಕುಗೆ ಹೇಳು, ಅವನ ತಂಗಿಗೆ ಹಾಲು ಚೆನ್ನಾಗಿ ಬರ್ತಾ ಇದೆ ಅಂತ."

ಮೂರು ಲೋಟಕ್ಕೆ ಕಾಫಿ ಹಾಕಿದೆ. ಕಮಾಲ್ ಕುಡಿದು ಲೋಟ ಕೆಳಗಿಟ್ಟರು.

"ರೈ, ನಿಮಗೆ ಯಾವಾಗ ಗೊತ್ತಾಯಿತು?"

ಎರಡೂ ಡ್ರಾಯರ್ ತೆರೆದು ಎರಡೂ ನೋಟ್‌ಬುಕ್ ಮೇಜಿನ ಮೇಲಿಟ್ಟೆ. ದಿನಾಂಕಗಳು ಅದರಲ್ಲೇ ಇದ್ದವು. "ಮಂಗಳವಾರದ ಮೊದಲು ಹದಿನೆಂಟು ದಿನ ಎರಡೂ ಸುದ್ದಿ ನನ್ನ ಹತ್ತಿರ ಇತ್ತು. ಅದರಲ್ಲಿ ಒಂಬತ್ತು ದಿನ ಯಾರಿಗೂ ಹೇಳಲಿಲ್ಲ," ಎಂದೆ.

ಕಮಾಲ್ ಬಹಳ ಹೊತ್ತು ಪುಟ ತಿರುವಿದರು. ಅಕ್ಷರ ಕನ್ನಡದ್ದು, ಅವರಿಗೆ ಓದಲು ಬರುತ್ತಿರಲಿಲ್ಲ.

"ನನ್ನ ತಾಯಿ ಬಾಟಲಿ ಮೂಸಿದ ಮೇಲೆ ತೆರೀತಾಳೆ ರೈ," ಎಂದರು. "ನೀವು ಮೂಸ್ತಾನೇ ಕೂತ್ರಿ."

ಆಮೇಲೆ ಲೋಟವನ್ನು ನನ್ನ ಕಡೆ ತಳ್ಳಿದರು. "ಇನ್ನೊಂದು ಹಾಕಿ. ಶುಂಠಿ ಸಾಲದು."

ಹರ್ಷ ಮೈಸೂರುಪಾಕಿನ ಡಬ್ಬಿಯೊಂದಿಗೆ ಮರಳಿದರು. ಹೊಸ ರೋಟಾದಲ್ಲಿ ತಮ್ಮ ಹೆಸರು ಆ ಇಬ್ಬರ ನಡುವೆ ಇಲ್ಲದೆ ಎಲ್ಲೆಲ್ಲೋ ಇರುವುದನ್ನು ನೋಡಿದರು. "ಏನ್ ಸಾರ್, ನಾನ್ ಇಲ್ದಿದ್ದಾಗ ಕದನವಿರಾಮ ಆಗ್ಬಿಡ್ತಾ? ನನ್ನ ಬಫರ್ ಸ್ಟೇಟ್ ಹೋಯ್ತಲ್ರೀ!" ಕಾರಣವನ್ನು ಅವರಿಗೆ ಯಾರೂ ಹೇಳಲಿಲ್ಲ. ಮೈಸೂರುಪಾಕನ್ನು ಕುಕು ಮೂಸಿ ನೋಡಿ ಬಾಯಿಗೆ ಹಾಕಿಕೊಂಡಾಗ ಕಮಾಲ್ ಮಾತ್ರ ನಕ್ಕರು.

ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದೆವು. ಅವರ ರಾಜ್ಯದಲ್ಲಿ ಮಳೆ ನಿಂತಿತು, ರಸ್ತೆಗಳು ಒಣಗಿದವು, ಕಾಳಗ ಮತ್ತೆ ಹೆಚ್ಚಿತು. ಇಬ್ಬರೂ ಒಂದೇ ಫ್ಲ್ಯಾಟಿಗೆ ಮರಳಲಿಲ್ಲ. ಯಾರದ್ದು ತಪ್ಪು ಎಂಬ ವಾದ ನನ್ನ ಕೋಣೆಯಲ್ಲೇ ಎಷ್ಟೋ ಸಲ ಆಯಿತು. ಒಮ್ಮೆ ಕೆಟಲ್ ಉರುಳಿತು. ವಾದ ಆದ ದಿನವೂ ಹ್ಯಾಂಡೋವರ್ ತಪ್ಪಲಿಲ್ಲ. ನೋಟ್‌ಬುಕ್ ಈಗ ಒಂದೇ.

ಡರ್ಬಿಯ ಅಂಗಡಿಯಿಂದ ಹಜ್ಜಾ ಜೈನಬ್ ಬಗ್ಗೆ ಕೇಳಿ ಕಮಾಲ್‌ಗೆ ಸಂದೇಶ ಕಳಿಸಿದ್ದೆ. ಅದಿತಿ ಸಂದರ್ಶನ ಮುಗಿಸಿ ಬರುವಷ್ಟರಲ್ಲಿ ಉತ್ತರ ಬಂದಿತ್ತು. ಆಕೆ ಬೆಟ್ಟದ ಅದೇ ಮನೆಯಲ್ಲಿದ್ದಾರೆ. ಅಂದು ಹುಟ್ಟಿದ ಹುಡುಗಿ ಈಗ ಪೆಟ್ಟಿಗೆ ಹೊರಲು ಜಗಳವಾಡುತ್ತಾಳೆ. ಅಜ್ಜಿಯ ಇತ್ತೀಚಿನ ಧ್ವನಿ ಸಂದೇಶ ಬಂದದ್ದು ಹಿಂದಿನ ಗುರುವಾರ. ಕುಕು ಅದನ್ನು ಶುಕ್ರವಾರ ಬೆಳಿಗ್ಗೆ ಎಂಟಕ್ಕೆ, ರೋಗಿಗಳನ್ನೆಲ್ಲ ಒಪ್ಪಿಸಿದ ಮೇಲೆ, ಕಮಾಲ್‌ಗೆ ಕೇಳಿಸಿದರು.